ತೊಗರಿ ಕೂಡಿ ಮಾರುವ ರೈತ ಸಂಘ: ಸಾಲದ ಪಟ್ಟಿಯಿಂದ ಮಾರಾಟದ ಪಟ್ಟಿವರೆಗೆ

ವಿಜಯಪುರ ಜಿಲ್ಲೆಯ ತೊಗರಿ ಊರುಗಳಲ್ಲಿ ರೈತ ಸಂಘಗಳು ಎಡವುವುದು ಹೆಚ್ಚಾಗಿ ಒಂದೇ ಕಲ್ಲಿಗೆ. ನೋಂದಣಿ ಆಗಿರುತ್ತದೆ, ಷೇರು ಹಣ ಕೂಡಿರುತ್ತದೆ, ಬೋರ್ಡಿಗೆ ಬಣ್ಣವೂ ಬಿದ್ದಿರುತ್ತದೆ. ಡಿಸೆಂಬರ್‌ನಲ್ಲಿ ರಾಶಿ ಆಗುತ್ತಲೇ ಎರಡೆಕರೆಯ ಸದಸ್ಯ ಆ ಬೋರ್ಡಿನ ಮುಂದೆಯೇ ಟಂಟಂನಲ್ಲಿ ಚೀಲ ಹೇರಿಕೊಂಡು ಅಡತಿ (ದಲಾಲಿ ವ್ಯಾಪಾರಿಯ) ಅಂಗಡಿಗೆ ಹೋಗುತ್ತಾನೆ. ಅವನಿಗೆ ಸಂಘದ ಮೇಲೆ ಸಿಟ್ಟಿಲ್ಲ. ಜೂನ್‌ನಲ್ಲಿ ಬೀಜ, ಗೊಬ್ಬರಕ್ಕೆ ಆ ಅಂಗಡಿಯಿಂದಲೇ ಕಡ ತಂದಿದ್ದಾನೆ, ಮೇಲಾಗಿ ಅವನಿಗೆ ರೊಕ್ಕ ಅವತ್ತೇ ಬೇಕು. ಸಂಘದವರು ಹೇಳುವುದು "ಮಾಲು ಮಾರಿದ ಮೇಲೆ ಕೊಡ್ತೀವಿ" ಎಂದು.

ಹಾಗಾಗಿ ಸಂಘದಲ್ಲಿ ಉಳಿಯುವವರು ಕಾಯಲು ಶಕ್ತಿಯಿದ್ದವರು ಮಾತ್ರ. ಯಾರ ಬಡತನ ಇಳಿಯಲಿ ಎಂದು ಸಂಘ ಹುಟ್ಟಿತೋ ಅವರೇ ಮೊದಲ ವರ್ಷ ಹೊರಗೆ ಬೀಳುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ನೋಂದಣಿ ಇಲ್ಲಿ ಮೂರನೆಯದು ಎಂಬುದನ್ನು ಗಮನಿಸಿ.

ಲೆಕ್ಕವೆಲ್ಲ ತೊಗರಿಯದು. ತೊಗರಿ ಒಣಗಿಸಿಟ್ಟರೆ ಕಾಯುತ್ತದೆ. ಇಂಡಿಯ ನಿಂಬೆ ಕಾಯುವುದಿಲ್ಲ, ಬಸವನ ಬಾಗೇವಾಡಿ ಕಡೆಯ ಉಳ್ಳಾಗಡ್ಡಿ ಹೆಚ್ಚು ದಿನ ತಾಳುವುದಿಲ್ಲ. ಜಮಖಂಡಿ, ಮುಧೋಳ, ಅಥಣಿಯ ಕಬ್ಬಿಗೆ ಗಿರಾಕಿ ಕಾರ್ಖಾನೆಯೊಂದೇ. ಆ ಬೆಳೆಗಳ ಸಂಘದ ಲೆಕ್ಕ ಬೇರೆ.

ಹಂತ 1: ಮನೆಮನೆಯ ಸಾಲದ ಪಟ್ಟಿ (ಮೇ, ಜೂನ್)

ಒಂದು ದಪ್ಪ ನೋಟ್‌ಬುಕ್ ತೆಗೆದುಕೊಳ್ಳಿ, ಮನೆಗೊಂದು ಪುಟ ಮಾಡಿ. ಬರೆಯಬೇಕಾದ್ದು ಇಷ್ಟು: ಸ್ವಂತ ಹೊಲ ಎಷ್ಟು, ಲಾವಣಿ (ಗುತ್ತಿಗೆ) ಹಿಡಿದದ್ದು ಎಷ್ಟು, ಪಾಲಿಗೆ ಮಾಡುವುದು ಎಷ್ಟು, ಕಳೆದ ವರ್ಷ ಎಷ್ಟು ಚೀಲ ತೊಗರಿ ಆಯಿತು, ಯಾವ ತಿಂಗಳು, ಯಾರಿಗೆ, ಯಾವ ದರಕ್ಕೆ ಮಾರಿದರು, ಬಿತ್ತುವಾಗ ಕಡ ಕೊಟ್ಟವರು ಯಾರು, ಬಡ್ಡಿ ಎಷ್ಟು.

ದರವನ್ನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳಬೇಡಿ, ಕಳೆದ ವರ್ಷದ ಮಾರಾಟದ ಪಟ್ಟಿ (ಅಂಗಡಿ ಕೊಟ್ಟ ಲೆಕ್ಕದ ಚೀಟಿ) ತರಿಸಿ ನೋಡಿ. ತೂಟ (ತೂಕದಲ್ಲಿ ಮುರಿಯುವುದು), ಸ್ಯಾಂಪಲ್, ಹಮಾಲಿ, ದಲಾಲಿ ಎಂದು ಏನೇನು ಮುರಿದಿದ್ದಾರೆ ಎಂಬುದನ್ನು ಬೇರೆ ಬೇರೆ ಬರೆಯಿರಿ. ಎಪಿಎಂಸಿ ನಿಯಮದಂತೆ ದಲಾಲಿ ಕೊಡಬೇಕಾದವನು ಖರೀದಿದಾರ, ಅದನ್ನು ರೈತನ ಹಣದಲ್ಲಿ ಮುರಿಯುವಂತಿಲ್ಲ. ಪಟ್ಟಿಯೇ ಇಲ್ಲದೆ ಬರೀ ಬಿಳಿ ಚೀಟಿ ಸಿಕ್ಕರೆ ಆ ಮನೆಯ ಪುಟಕ್ಕೆ ಗುರುತು ಹಾಕಿ. ಸಂಘ ಅಂಥ ಮನೆಗೆ ಮೊದಲು ಹೋಗಬೇಕು.

ಈಗ ಒಂದು ಮನೆಯ ಲೆಕ್ಕ ಮಾಡಿ ನೋಡಿ. ಜೂನ್‌ನಲ್ಲಿ 20,000 ರೂಪಾಯಿ ಕಡ, ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ, ಡಿಸೆಂಬರ್‌ನಲ್ಲಿ ತೀರಿಸಿದರೆ ಆರು ತಿಂಗಳಿಗೆ 3,600 ರೂಪಾಯಿ. ಈ ಅಂಕಿ ನೆನಪಿನಲ್ಲಿರಲಿ, ಹಂತ 10ರಲ್ಲಿ ಮತ್ತೆ ಬೇಕಾಗುತ್ತದೆ.

ಸಾಮಾನ್ಯ ತಪ್ಪು: ಈ ಮಾಹಿತಿಯನ್ನು ಪಂಚಾಯ್ತಿ ಸಭಾಂಗಣದಲ್ಲಿ, ಗುಡಿಯ ಕಟ್ಟೆಯಲ್ಲಿ ಎಲ್ಲರೆದುರು ಕೇಳುವುದು. ನಾಲ್ಕು ಮಂದಿಯ ಮುಂದೆ ಯಾರೂ ಸಾಲ ಹೇಳುವುದಿಲ್ಲ, ಹೇಳಿದರೂ ಅರ್ಧ ಹೇಳುತ್ತಾರೆ. ಮನೆಗೇ ಹೋಗಿ, ಮನೆಯ ಹೆಣ್ಣುಮಕ್ಕಳೂ ಕೂತಿರುವಾಗ ಬರೆಯಿರಿ. ಕಿರಾಣಿ ಉದ್ರಿ, ದವಾಖಾನೆಗೆ ತಂದ ಕೈಗಡ ಗಂಡಸರ ಲೆಕ್ಕದಲ್ಲಿ ಬರುವುದೇ ಇಲ್ಲ, ಅವ್ವನೋ ಅಕ್ಕನೋ ನೆನಪು ಮಾಡಿಕೊಡುತ್ತಾರೆ.

ಹಂತ 2: ಒಂದು ಲೋಡಿನ ಪ್ರಯೋಗ

ಒಂದೇ ಬೆಳೆ, ಅಕ್ಕಪಕ್ಕದ ಎರಡು ಮೂರು ಊರು, ಒಂದು ಲೋಡು. ಆರು ಗಾಲಿಯ ಲಾರಿಗೆ ಸುಮಾರು 100 ಕ್ವಿಂಟಲ್, ಅಂದರೆ 50 ಕೆಜಿಯ 200 ಚೀಲ. ಮಳೆ ನಂಬಿದ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಎಕರೆಗೆ ಮೂರರಿಂದ ಐದು ಕ್ವಿಂಟಲ್ ಎಂದಿಟ್ಟುಕೊಂಡರೆ 20, 25 ಮನೆಯವರು ಸೇರಿದರೆ ಲೋಡು ತುಂಬುತ್ತದೆ.

ನೋಂದಣಿಗೆ ಮೊದಲೇ ಒಂದು ಸುಗ್ಗಿ ಹೀಗೆ ಮಾಡಿ. ಪ್ರತಿಯೊಬ್ಬರ ಮಾಲು ಅವರವರ ಹೆಸರಿನಲ್ಲೇ ಇರಲಿ. ಒಂದೇ ದಿನ, ಒಂದೇ ಯಾರ್ಡಿಗೆ, ಒಂದೇ ಗಾಡಿಯಲ್ಲಿ ಒಯ್ದು ಹರಾಜಿಗೆ ಇಡಿ. ಲಾಭ ಹೆಚ್ಚು ಬರದಿದ್ದರೂ ಎರಡು ಸಂಗತಿ ತಿಳಿಯುತ್ತವೆ: ಹೇಳಿದ ದಿನಕ್ಕೆ ಮಾಲು ತಂದವರು ಯಾರು, ಹತ್ತು ಚೀಲ ಎಂದು ಹೇಳಿ ಮೂರು ತಂದವರು ಯಾರು. ನಿರ್ದೇಶಕ ಮಂಡಳಿಗೆ ಹೆಸರು ಆರಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಹಂತ 3: ಯಾವ ಕಾಯ್ದೆ, ಯಾವ ನೋಂದಣಿ

ಮೊದಲು ನಿಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಅಂದರೆ ಪಿಕೆಪಿಎಸ್‌ಗೆ ಹೋಗಿ ಬೈಲಾ ತೆಗೆಸಿ ಓದಿ. ಸದಸ್ಯರ ಉತ್ಪನ್ನ ಮಾರಾಟಕ್ಕೆ ಅದರಲ್ಲಿ ಅವಕಾಶವಿದ್ದು ಆಡಳಿತ ಮಂಡಳಿ ಒಪ್ಪಿದರೆ ಹೊಸ ಸಂಘ ಕಟ್ಟುವ ಗೋಜೇ ಬೇಡ. ಗೋದಾಮು, ತಕ್ಕಡಿ, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕಿನ ಖಾತೆ ಅಲ್ಲಿ ಆಗಲೇ ಇರುತ್ತವೆ. ಮಂಡಳಿಯಲ್ಲಿ ಅಡತಿಯವರೇ ಕೂತಿದ್ದರೆ ಮಾತ್ರ ಬೇರೆ ದಾರಿ ನೋಡಿ.

ಬೇರೆ ದಾರಿ ಮೂರಿವೆ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರಡಿ ಸಂಘ: ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಯಲ್ಲಿ ನೋಂದಣಿ, ಇಲಾಖೆಯ ಕಣ್ಣು ಜಾಸ್ತಿ, ಸರ್ಕಾರದ ಯೋಜನೆಗಳಿಗೆ ಹತ್ತಿರ. ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ, 1997ರಡಿ ಸೌಹಾರ್ದ: ಇಲಾಖೆಯ ಹಿಡಿತ ಕಮ್ಮಿ, ಸದಸ್ಯರ ಜವಾಬ್ದಾರಿ ಹೆಚ್ಚು. ಕಂಪನಿ ಕಾಯ್ದೆಯಡಿ ರೈತ ಉತ್ಪಾದಕ ಕಂಪನಿ: ಕನಿಷ್ಠ 10 ಉತ್ಪಾದಕರು, 5 ನಿರ್ದೇಶಕರು ಬೇಕು, ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ. ಕಂಪನಿಗೆ ವರ್ಷವರ್ಷ ಆನ್‌ಲೈನ್ ದಾಖಲೆ ಸಲ್ಲಿಸುವ ಕೆಲಸವಿದೆ, ಲೆಕ್ಕಪರಿಶೋಧಕರ ಫೀ ಇದೆ, ತಡವಾದರೆ ದಂಡ ದಿನದ ಲೆಕ್ಕದಲ್ಲಿ ಏರುತ್ತದೆ. 60 ಮನೆಯ ಸಂಘಕ್ಕೆ ಇದು ಭಾರ.

2020ರಲ್ಲಿ ಶುರುವಾದ ಕೇಂದ್ರದ 10,000 ರೈತ ಉತ್ಪಾದಕ ಸಂಸ್ಥೆ, ಅಂದರೆ ಎಫ್‌ಪಿಒ ಯೋಜನೆಯಲ್ಲಿ ಬಯಲು ಸೀಮೆಗೆ ಕನಿಷ್ಠ 300 ಸದಸ್ಯರು ಎಂಬ ಷರತ್ತಿತ್ತು. ಆಡಳಿತ ವೆಚ್ಚಕ್ಕೆ ಮೂರು ವರ್ಷದಲ್ಲಿ 18 ಲಕ್ಷದವರೆಗೆ, ಷೇರಿಗೆ ಸರಿಸಮನಾಗಿ ರೈತರೊಬ್ಬರಿಗೆ 2,000 ರೂಪಾಯಿವರೆಗೆ ನೆರವು. ಇಂಥ ಅನುದಾನಕ್ಕಾಗಿಯೇ ಒಂದೇ ವಾರದಲ್ಲಿ 300 ಆಧಾರ್ ಜೆರಾಕ್ಸ್ ಕೂಡಿಸಿ ಸದಸ್ಯರನ್ನು "ಮಾಡುವ" ಸಂಘ ಅನುದಾನ ಮುಗಿದ ಮೂರನೇ ವರ್ಷಕ್ಕೆ ಬೀಗ ಹಾಕುತ್ತದೆ. ಸದಸ್ಯರಿಗೆ ತಾವು ಸದಸ್ಯರು ಎಂಬುದೇ ಗೊತ್ತಿರುವುದಿಲ್ಲ.

ಯಾವ ನೋಂದಣಿಯಾದರೂ ಒಂದು ಮಾತು: ಠೇವಣಿ ತೆಗೆದುಕೊಳ್ಳುವ, ಸಾಲ ಹಂಚುವ ಕೆಲಸವನ್ನು ಈ ಸಂಘದಲ್ಲಿ ಇಟ್ಟುಕೊಳ್ಳಬೇಡಿ. ತೊಗರಿ ಮಾರುವ ಸಂಘ ಸಾಲ ಕೊಡಲು ಕೂತರೆ ಎರಡೇ ವರ್ಷದಲ್ಲಿ ತೊಗರಿ ಮರೆತುಹೋಗುತ್ತದೆ.

ಹಂತ 4: ಬೈಲಾದಲ್ಲಿ ಬರೆಸಲೇಬೇಕಾದ ಮಾತುಗಳು

ಮಾದರಿ ಬೈಲಾ ಇಲಾಖೆಯಲ್ಲಿ ಸಿಗುತ್ತದೆ. ಅದನ್ನು ಹಾಗೇ ಸಹಿ ಮಾಡಬೇಡಿ. ಕೆಳಗಿನವು ಬೈಲಾದಲ್ಲಿ ಬರಲಿ, ಬೈಲಾ ಬಿಟ್ಟರೆ ಮೊದಲ ಮಹಾಸಭೆಯ ಠರಾವಿನಲ್ಲಿ ಬರಲಿ.

ಉತಾರ (ಪಹಣಿ) ಇಲ್ಲದವರ ಪ್ರವೇಶ. ಉತಾರ ಹೆಸರಿನಲ್ಲಿದ್ದವರಿಗೆ ಮಾತ್ರ ಸದಸ್ಯತ್ವ ಎಂದರೆ ಲಾವಣಿದಾರ, ಪಾಲುದಾರ, ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಎಲ್ಲರೂ ಹೊರಗೆ. ಬೆಳೆ ಬೆಳೆದವರು ಸದಸ್ಯರು ಎಂದು ಬರೆಸಿ. ಹೊಲದ ಮಾಲೀಕನಿಂದ ಲಾವಣಿ ಬಗ್ಗೆ ಕಾಗದ ಕೇಳಿದರೆ ಅವನು ಹೆದರಿ ಹೊಲವನ್ನೇ ಬಿಡಿಸಿಕೊಳ್ಳಬಹುದು, ಆದ್ದರಿಂದ ಅಕ್ಕಪಕ್ಕದ ಹೊಲದ ಇಬ್ಬರು ಸದಸ್ಯರ ಸಹಿ ಸಾಕು ಎನ್ನಿ. ಭೂಮಿಯೇ ಇಲ್ಲದ ಮನೆಯವರನ್ನು ಕಾಳು ಹಸನು ಮಾಡುವ, ಚೀಲ ಹೊಲಿಯುವ, ಹಮಾಲಿ ಕೆಲಸಕ್ಕೆ ಮೊದಲ ಹಕ್ಕುದಾರರನ್ನಾಗಿ ಮಾಡಿ. ಊರಿನ ಸ್ವಸಹಾಯ ಸಂಘದೊಡನೆ ಕ್ವಿಂಟಲ್‌ಗೆ ಇಷ್ಟು ಎಂದು ಮೊದಲೇ ಬರೆದುಕೊಳ್ಳಿ.

ಷೇರು ಕಂತು. 1,000 ರೂಪಾಯಿ ಷೇರನ್ನು ಜೂನ್‌ನಲ್ಲಿ ಒಮ್ಮೆಲೇ ಕೇಳಿದರೆ ಬಡವ ಅದನ್ನೂ ಕಡ ತಂದು ಕಟ್ಟುತ್ತಾನೆ. ಆಗ 200 ತೆಗೆದುಕೊಂಡು ಉಳಿದದ್ದನ್ನು ಸುಗ್ಗಿಯ ಲೆಕ್ಕದಲ್ಲಿ ಮುರಿದುಕೊಳ್ಳಿ.

ಮಾಲಿನ ಪಾಲು. ಬೆಳೆದ ಎಲ್ಲವನ್ನೂ ಸಂಘಕ್ಕೇ ಕೊಡಬೇಕು ಎಂಬ ಷರತ್ತು ಮೊದಲ ವರ್ಷವೇ ಮುರಿದುಬೀಳುತ್ತದೆ. ಅರ್ಧ ಎಂದು ಬರೆಸಿ, ಆದರೆ ಆ ಅರ್ಧಕ್ಕೆ ಕಟ್ಟುನಿಟ್ಟಾಗಿರಿ.

ಯಾರು ಮಂಡಳಿಯಲ್ಲಿ ಇರಬಾರದು. ತೊಗರಿ ವ್ಯಾಪಾರ ಮಾಡುವವರು, ಅಡತಿ ಅಂಗಡಿಯಲ್ಲಿ ಪಾಲಿದ್ದವರು, ಊರಲ್ಲಿ ಬಡ್ಡಿ ವ್ಯವಹಾರ ಇದ್ದವರು. ನಿರ್ದೇಶಕರ ಮನೆಯ ಲಾರಿ, ಗೋದಾಮು ಬಾಡಿಗೆಗೆ ಹಿಡಿಯಬೇಕಾದರೆ ದರ ಸಭೆಯಲ್ಲಿ ಓದಿ ಠರಾವು ಆಗಬೇಕು, ಆ ನಿರ್ದೇಶಕ ಆಗ ಹೊರಗಿರಬೇಕು.

ಹಂತ 5: ಅಡ್ವಾನ್ಸಿನ ರೊಕ್ಕ ಎಲ್ಲಿಂದ

ಸಂಘದ ಹಣೆಬರಹ ತೀರ್ಮಾನವಾಗುವುದು ಈ ಹಂತದಲ್ಲಿ. ಮಾಲು ತೂಗಿದ ದಿನವೇ ಅಂದಾಜು ಬೆಲೆಯ ನೂರಕ್ಕೆ 60ರಷ್ಟು ಸದಸ್ಯರ ಖಾತೆಗೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ಕಡ ತೀರುವುದಿಲ್ಲ. 80ಕ್ಕೆ ಏರಿಸಿದರೆ ದರ ಬಿದ್ದಾಗ ಸಂಘವೇ ಮುಳುಗುತ್ತದೆ, ಕೊಟ್ಟದ್ದನ್ನು ಯಾರೂ ವಾಪಸ್ ತರುವುದಿಲ್ಲ.

ಲೆಕ್ಕ ಹೀಗೆ. 60 ಸದಸ್ಯರು, ತಲಾ 5 ಕ್ವಿಂಟಲ್, ಒಟ್ಟು 300 ಕ್ವಿಂಟಲ್, ಅಂದರೆ ಮೂರು ಲೋಡು. ದರ 7,000 ಎಂದು ಹಿಡಿದರೆ ಕ್ವಿಂಟಲ್‌ಗೆ ಅಡ್ವಾನ್ಸ್ 4,200. ಒಂದು ಲೋಡಿಗೆ 4.2 ಲಕ್ಷ. ಚೀಲ, ಲಾರಿ, ಹಮಾಲಿಗೆ ಇನ್ನೊಂದು 30,000. ಮೊದಲ ಲೋಡಿನ ಹಣ ಬಂದ ಮೇಲೆ ಎರಡನೆಯದು ಎಂದರೆ ಕೈಯಲ್ಲಿ 4.5 ಲಕ್ಷ ತಿರುಗುತ್ತಿರಬೇಕು. ಷೇರು ಪೂರ್ತಿ ಬಂದರೂ 60,000. ಉಳಿದ 3.9 ಲಕ್ಷ?

ಮೊದಲ ಉಪಾಯಕ್ಕೆ ಖರ್ಚಿಲ್ಲ. ಹಂತ 1ರ ನೋಟ್‌ಬುಕ್ ತೆಗೆದು, ಸಾಲವಿಲ್ಲದ, ನೀರಾವರಿ ಅಥವಾ ನೌಕರಿ ಇರುವ ಮನೆಗಳನ್ನು ಗುರುತಿಸಿ. ಅವರು ಅಡ್ವಾನ್ಸ್ ಇಲ್ಲದೆ ಮೂರು ವಾರ ಕಾಯಲಿ, ಬದಲಿಗೆ ಅವರ ಪಟ್ಟಿಯಲ್ಲಿ ಬಡ್ಡಿ ಖರ್ಚು ಮುರಿಯುವುದಿಲ್ಲ. ಅರ್ಧ ಮಾಲು ಹೀಗೆ ಬಂದರೆ ಲೋಡಿಗೆ ಬೇಕಾಗುವ ಅಡ್ವಾನ್ಸ್ 2.1 ಲಕ್ಷಕ್ಕೆ ಇಳಿಯುತ್ತದೆ. ಖರ್ಚಿನ 30,000 ಸೇರಿಸಿ ಷೇರು ಹಣ ಕಳೆದರೆ ಹೊರಗಿನಿಂದ ತರಬೇಕಾದ್ದು 1.8 ಲಕ್ಷ ಮಾತ್ರ. ಊರಿನ ಸಹಭಾಗಿತ್ವ ಎನ್ನುವುದು ಭಾಷಣದ ಮಾತಾಗದೆ ಇಲ್ಲಿ ರೂಪಾಯಿಯಲ್ಲಿ ಕಾಣುತ್ತದೆ: ಉಳ್ಳವರು ಕಾಯುವುದರಿಂದ ಇಲ್ಲದವರಿಗೆ ಅವತ್ತೇ ದುಡ್ಡು ಸಿಗುತ್ತದೆ.

ಆ 1.8 ಲಕ್ಷಕ್ಕೆ ಡಿಸಿಸಿ ಬ್ಯಾಂಕಿನ ನಗದು ಪತ್ತು (ಕ್ಯಾಶ್ ಕ್ರೆಡಿಟ್) ಕೇಳಿ. ಅರ್ಜಿಯನ್ನು ಆಗಸ್ಟ್‌ನಲ್ಲೇ ಕೊಡಿ, ನವೆಂಬರ್‌ನಲ್ಲಿ ಕೊಟ್ಟರೆ ಮಂಜೂರಾಗುವಾಗ ಸುಗ್ಗಿ ಮುಗಿದಿರುತ್ತದೆ. ಇನ್ನೊಂದು ದಾರಿ, ಕೇಂದ್ರದ ಗೋದಾಮು ನಿಯಂತ್ರಣ ಪ್ರಾಧಿಕಾರವಾದ ಡಬ್ಲ್ಯುಡಿಆರ್‌ಎ ನೋಂದಾಯಿತ ಗೋದಾಮಿನಲ್ಲಿ ಮಾಲು ಇಟ್ಟು ಅದರ ಎಲೆಕ್ಟ್ರಾನಿಕ್ ರಸೀದಿ ಮೇಲೆ ಅಡವು ಸಾಲ. ಗಿರಾಕಿಯಿಂದಲೇ ಮುಂಗಡ ತರುವುದು ಕಡೆಯ ದಾರಿ. ಮುಂಗಡ ಕೊಟ್ಟವನೇ ದರ ಹೇಳುತ್ತಾನೆ, ಅಡತಿ ಅಂಗಡಿಯ ಋಣ ಸಂಘದ ಹೆಸರಿಗೆ ವರ್ಗವಾದಂತೆ.

ಹಂತ 6: ಸಾಮಾನು

200 ಕೆಜಿಯ ಎಲೆಕ್ಟ್ರಾನಿಕ್ ತಕ್ಕಡಿ ಒಂದು, ಕಾನೂನು ಮಾಪನ ಇಲಾಖೆಯ ಮುದ್ರೆ ಚಾಲ್ತಿಯಲ್ಲಿರಬೇಕು. ಪರೀಕ್ಷೆಗೆ 20 ಕೆಜಿಯ ಕಲ್ಲು ಎರಡು. ಕಾಳಿನ ತೇವಾಂಶ ಮಾಪಕ ಒಂದು, ಅದರಲ್ಲಿ ತೊಗರಿಯ ಅಳತೆ ಇದೆಯೇ ಎಂದು ಕೊಳ್ಳುವ ಮುಂಚೆ ನೋಡಿ. ದೊಡ್ಡ ತಾಡಪಾಲು ನಾಲ್ಕು, ಸಾಣಿಗೆ ಎರಡು ಮೂರು ಅಳತೆಯವು, ದಬ್ಬಣ, ಸುತಳಿ, ಚೀಲಕ್ಕೆ ನಂಬರ್ ಬರೆಯಲು ಅಳಿಸದ ಮಸಿ. ಚೀಲದ ಅಡಿಗೆ ಕಟ್ಟಿಗೆ ಹಲಗೆ. ಮೂರು ಪ್ರತಿಯ ಕಾರ್ಬನ್ ರಸೀದಿ ಪುಸ್ತಕ, ರೋಕಡ ಪುಸ್ತಕ, ದಾಸ್ತಾನು ಪುಸ್ತಕ, ಠರಾವು ಪುಸ್ತಕ. ಗೋದಾಮಿಗೆ ಎರಡು ಬೀಗ, ಎರಡು ಕೀಲಿ, ಇಬ್ಬರ ಕೈಯಲ್ಲಿ.

ಕಂಪ್ಯೂಟರ್, ಕಚೇರಿ, ಕುರ್ಚಿ ಮೊದಲ ವರ್ಷ ಬೇಡ. ಬೇಳೆ ಮಿಲ್ಲು ಎರಡನೇ ವರ್ಷಕ್ಕೂ ಬೇಡ. 300 ಕ್ವಿಂಟಲ್‌ಗೆ ಮಿಲ್ಲು ಹಾಕಿದರೆ ಅದು ವರ್ಷದ ಹೆಚ್ಚಿನ ದಿನ ಸುಮ್ಮನೆ ನಿಂತಿರುತ್ತದೆ, ಬ್ಯಾಂಕಿನ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಹಂತ 7: ತೂಕದ ದಿನ

ಸಂಘದ ಮೇಲಿನ ನಂಬಿಕೆ ಗಟ್ಟಿಯಾಗುವುದೂ ಬಿರುಕು ಬಿಡುವುದೂ ಈ ದಿನವೇ. ಕ್ರಮ ತಪ್ಪಿಸಬೇಡಿ.

ಬೆಳಿಗ್ಗೆ ಎಲ್ಲರೆದುರು ತಕ್ಕಡಿಯ ಮೇಲೆ 20ರ ಕಲ್ಲು ಇಟ್ಟು ತೋರಿಸಿ, ನಡುವೆ ಒಮ್ಮೆ, ಸಂಜೆ ಒಮ್ಮೆ. ಪಾಳಿ ಚೀಟಿಯಂತೆ, ಅಧ್ಯಕ್ಷರ ಮಾಲಿಗೂ ಚೀಟಿಯೇ. ಚೀಲ ಬಿಚ್ಚದೆ ತೂಗಬೇಡಿ. ಮೇಲೆ ಛಲೋ ಕಾಳು, ಅಡಿಯಲ್ಲಿ ಎರಿ ಮಣ್ಣಿನ ಹೆಂಟೆ, ಒಡೆದ ಬ್ಯಾಳಿ ಇರುವ ಚೀಲ ಪ್ರತಿ ಊರಲ್ಲೂ ಎರಡು ಮೂರು ಬರುತ್ತವೆ. ಬೇಕೆಂದೇ ಮಾಡಿದ್ದು ಎನ್ನಬೇಡಿ, ರಾಶಿ ಮಷೀನಿನಲ್ಲೂ ಹಾಗೆ ಬರುತ್ತದೆ. ತಾಡಪಾಲಿನ ಮೇಲೆ ಸುರುವಿ, ಮೂರು ಕಡೆಯಿಂದ ಒಂದೊಂದು ಬೊಗಸೆ ತೆಗೆದು ಕಲಸಿ ನೋಡಿ.

ತೇವಾಂಶ ಮೂರು ಸಲ ಅಳೆದು ಸರಾಸರಿ ಹಿಡಿಯಿರಿ. ಬಿಸಿಲಿನಿಂದ ಈಗಷ್ಟೇ ಎತ್ತಿದ ಬಿಸಿ ಕಾಳಿನ ಅಂಕಿ ನಂಬಬೇಡಿ, ನೆರಳಲ್ಲಿ ಆರಲು ಬಿಟ್ಟು ಅಳೆಯಿರಿ. ಬೆಂಬಲ ಬೆಲೆ ಖರೀದಿಗೆ ಮಿತಿ ನೂರಕ್ಕೆ 12. ಸಂಘದ ಮಿತಿ 11 ಇರಲಿ. ಹೆಚ್ಚಿದ್ದರೆ ವಾಪಸ್ ಕಳಿಸುವ ಮಾತು ಮೆತ್ತಗಿರಬೇಕು, ಅಂಕಿ ಗಟ್ಟಿಯಿರಬೇಕು: "ಕಾಕಾ, ನಿಮ್ಮ ಮಾಲು 14 ತೋರಸಾಕತ್ತೈತಿ ನೋಡ್ರಿ. ಎರಡು ಬಿಸಲು ಕೊಟ್ಟು ನಾಡದ ತರ್ರಿ, ಪಾಳಿ ನಿಮ್ಮದ ಇರತೈತಿ." ಮಾಪಕವನ್ನು ಅವರ ಕೈಗೇ ಕೊಟ್ಟು ಓದಿಸಿ.

ಒಣಗಿಸಲು ಜಾಗವಿಲ್ಲದವರ ಮಾಲನ್ನು ಸಂಘವೇ ಒಣಗಿಸಿದರೆ ತೂಕ ಎಷ್ಟು ಇಳಿಯುತ್ತದೆ ಎಂಬ ಜಗಳ ಬರುತ್ತದೆ. ಸೂತ್ರ ಇದು: ಈಗಿನ ತೂಕವನ್ನು (100 ಕಳೆ ಈಗಿನ ತೇವಾಂಶ) ಇಂದ ಗುಣಿಸಿ, (100 ಕಳೆ ಬೇಕಾದ ತೇವಾಂಶ) ಇಂದ ಭಾಗಿಸಿ. 14ರ ತೇವಾಂಶದ 100 ಕೆಜಿ, 11ಕ್ಕೆ ಬಂದಾಗ 86ನ್ನು 89ರಿಂದ ಭಾಗಿಸಿದಂತೆ 96.63 ಕೆಜಿ. ಅಂದರೆ ಮೂರು ಅಂಶ ಇಳಿದರೆ ಕ್ವಿಂಟಲ್‌ಗೆ ಮೂರಲ್ಲ, 3.37 ಕೆಜಿ ಇಳಿಯುತ್ತದೆ. ಈ ಸೂತ್ರದಂತೆ ಕೋಷ್ಟಕ ಬರೆಸಿ ಗೋಡೆಗೆ ಅಂಟಿಸಿ. "ಅಂದಾಜು ಎರಡು ಕೆಜಿ ತೂಟ" ಎಂದು ಮುರಿಯಲು ಶುರು ಮಾಡಿದರೆ ಅಡತಿ ಅಂಗಡಿಗೂ ನಿಮಗೂ ಫರಕು ಉಳಿಯುವುದಿಲ್ಲ.

ಕೆಂಪು ತೊಗರಿ, ಬಿಳಿ ತೊಗರಿ ಬೇರೆ ಬೇರೆ ಒಟ್ಟಿ. ಟಿಎಸ್-3ಆರ್, ಜಿಆರ್‌ಜಿ-811 ತಳಿಗಳು ಮತ್ತು ಊರ ಬೀಜ ಕಲಸಿದರೆ ಕಾಳಿನ ಗಾತ್ರ ಹೆಚ್ಚು ಕಡಿಮೆಯಾಗಿ ಮಿಲ್ಲಿನವರು ದರ ಇಳಿಸುತ್ತಾರೆ. ಪ್ರತಿ ಚೀಲದ ಮೇಲೆ ಸದಸ್ಯರ ನಂಬರ್, ರಸೀದಿ ನಂಬರ್. ರಸೀದಿಯಲ್ಲಿ ತೂಕ, ತೇವಾಂಶ, ದರ್ಜೆ; ಒಂದು ಪ್ರತಿ ಸದಸ್ಯರಿಗೆ, ಅಲ್ಲೇ, ಆಗಲೇ.

ಹಂತ 8: ಗೋದಾಮು

ಮೂರು ವಾರದಲ್ಲಿ ಲೋಡು ಹೋಗುವುದಾದರೆ ಹಲಗೆಯ ಮೇಲೆ, ಗೋಡೆಯಿಂದ ಎರಡಡಿ ಬಿಟ್ಟು ಒಟ್ಟಿದರೆ ಸಾಕು. ಮೂರು ತಿಂಗಳು ಇಡುವುದಾದರೆ ತೇವಾಂಶ 9, 10ಕ್ಕೆ ಇಳಿಯಲೇಬೇಕು. ತೊಗರಿಯ ಹುಳ ಹೊಲದಿಂದಲೇ ಮೊಟ್ಟೆಯಾಗಿ ಬಂದಿರುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದು ಚೀಲದಿಂದ ಹಿಡಿ ಕಾಳು ತೆಗೆದು ಬೆಳಕಿನಲ್ಲಿ ನೋಡಿ: ಕಾಳಿಗೆ ಅಂಟಿದ ಬಿಳಿ ಚುಕ್ಕೆ ಮೊಟ್ಟೆ, ದುಂಡು ತೂತು ಹುಳ ಹೊರಬಿದ್ದ ಗುರುತು. ಚೀಲದೊಳಗೆ ಕೈ ಹಾಕಿದಾಗ ಬೆಚ್ಚಗಿದ್ದರೆ ತಡ ಮಾಡದೆ ಬಿಸಿಲಿಗೆ ಹಾಕಿ.

ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಸಂಘದವರು ತಾವೇ ಇಡಬಾರದು. ಅದರ ಗಾಳಿ ಮನುಷ್ಯರನ್ನು ಕೊಲ್ಲುತ್ತದೆ. ಲೈಸೆನ್ಸ್ ಇದ್ದವರನ್ನು ಕರೆಸಿ. ಮನೆಗೆ ಅಂಟಿದ ಕೋಣೆಯಲ್ಲಿ, ಕಾವಲುಗಾರ ಮಲಗುವಲ್ಲಿ ಯಾವ ಕಾರಣಕ್ಕೂ ಬೇಡ. ದಾಸ್ತಾನಿಗೆ ಬೆಂಕಿ, ಕಳವಿನ ವಿಮೆ ಮಾಡಿಸಿ.

ಹಂತ 9: ಮಾರಾಟ

ಮಾರುವ ಮೂರು ದಿನ ಮೊದಲು ಕನಿಷ್ಠ ಮೂರು ಕಡೆ ದರ ಕೇಳಿ ಬರೆದಿಡಿ: ಹತ್ತಿರದ ಎಪಿಎಂಸಿ, ಕಲಬುರಗಿ ಮಿಲ್ಲು, ಸೊಲ್ಲಾಪುರ ಮಿಲ್ಲು. ಮಿಲ್ಲಿನ ದರ "ಅಲ್ಲಿ ಮುಟ್ಟಿಸಿದ" ದರವೇ, "ಇಲ್ಲಿಂದ ಎತ್ತಿದ" ದರವೇ ಎಂದು ಕೇಳದೆ ಹೋಲಿಸಬೇಡಿ. ಲೋಡು ಹೊರಡುವಾಗ ಹತ್ತಿರದ ಕಾಟಾದಲ್ಲಿ (ಲಾರಿ ತೂಗುವ ವೇ ಬ್ರಿಜ್) ತೂಗಿಸಿ ಚೀಟಿ ಇಟ್ಟುಕೊಳ್ಳಿ, ಅಲ್ಲಿಯೂ ಮಿಲ್ಲಿನದಲ್ಲದ ಕಾಟಾದಲ್ಲಿ ಇನ್ನೊಮ್ಮೆ. ಗಾಡಿಯ ಜೊತೆ ಒಬ್ಬರು ಹೋಗಲಿ. ನೂರಕ್ಕೆ 90ರಷ್ಟು ಹಣ ಖಾತೆಗೆ ಬಿದ್ದ ಮೇಲೆಯೇ ಚೀಲ ಇಳಿಸಿ. ಹಳೆಯ ಪರಿಚಯ, ಸ್ವಜಾತಿ, ಬೀಗತನ ಎಂದು ಉದ್ರಿ ಕೊಟ್ಟ ಲೋಡಿನ ಹಣ ಮುಂದಿನ ಸುಗ್ಗಿಗೂ ಬರುವುದಿಲ್ಲ.

ಬೆಂಬಲ ಬೆಲೆಯ ಕೇಂದ್ರ ತೆರೆದರೆ ಲೆಕ್ಕ ಬೇರೆ. 2024-25ಕ್ಕೆ ತೊಗರಿಗೆ 7,550, 2025-26ಕ್ಕೆ 8,000 ರೂಪಾಯಿ ಘೋಷಣೆಯಾಗಿತ್ತು. ಅಲ್ಲಿ ಮಾರಾಟ ರೈತರ ಸ್ವಂತ ಹೆಸರಿನಲ್ಲಿ, ಫ್ರೂಟ್ಸ್ ಐಡಿಯ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಮೇಲೆ. ಹಣ ಬರುವುದೂ ಅವರ ಖಾತೆಗೇ, ಅದೂ ಕೆಲವು ವಾರ ಬಿಟ್ಟು. ಸಂಘದ ಕೆಲಸ ನೋಂದಣಿ ಮಾಡಿಸುವುದು, ಕಾಳು ಹಸನು ಮಾಡಿಸುವುದು, ಒಂದೇ ಗಾಡಿಯಲ್ಲಿ ಒಯ್ಯುವುದು. ಫ್ರೂಟ್ಸ್‌ನಲ್ಲಿ ಬೆಳೆ ಕಾಲಂ ತಪ್ಪಿದ್ದರೆ ಕೇಂದ್ರದಲ್ಲಿ ಚೀಲ ಸಮೇತ ವಾಪಸ್ ಬರಬೇಕಾಗುತ್ತದೆ. ಬೆಳೆ ಸಮೀಕ್ಷೆಯ ಹೊತ್ತಿಗೇ ಪ್ರತಿ ಸದಸ್ಯರ ದಾಖಲೆ ನೋಡಿ. ಈ ದಾರಿಗೆ ಹೋಗುವವರಿಗೆ ಅಡ್ವಾನ್ಸ್ ಅರ್ಧಕ್ಕೆ ಮಿತಿಗೊಳಿಸಿ, ಹಣ ಸಂಘದ ಕೈ ಹಾಯ್ದು ಹೋಗುವುದಿಲ್ಲ, ವಸೂಲಿ ಕಷ್ಟ. ಲಾವಣಿದಾರರಿಗೆ ಇಲ್ಲಿ ಬಾಗಿಲು ಬಹುಪಾಲು ಮುಚ್ಚಿದಂತೆಯೇ, ಆದ್ದರಿಂದ ಮಿಲ್ಲಿನ ಲೋಡನ್ನು ನಿಲ್ಲಿಸಬೇಡಿ.

ಹಂತ 10: ಪಟ್ಟಿ

ಹಣ ಬಂದ ಮೂರು ದಿನದಲ್ಲಿ ಪಟ್ಟಿ ಕೈಗೆ ಸಿಗಬೇಕು. ಲೆಕ್ಕ ತೋರಿಸಲು ಹಿಡಿದ ಅಂಕಿ ಇವು, ನಿಮ್ಮ ಊರಿನ ಅಂಕಿ ಹಾಕಿಕೊಳ್ಳಿ. 100 ಕ್ವಿಂಟಲ್, ಮಿಲ್ಲಿಗೆ ಮುಟ್ಟಿಸಿ 7,200, ಒಟ್ಟು 7,20,000. ಖರ್ಚು: ಲಾರಿ 12,000, 200 ಚೀಲಕ್ಕೆ 6,000, ಹಸನು ಮಾಡಿದ್ದು 4,000, ಹಮಾಲಿ 3,000, ದಾರಿಯಲ್ಲಿ ಇಳಿದ ತೂಕ 40 ಕೆಜಿ, 2,880, ಸಂಘದ ಪಾಲು ನೂರಕ್ಕೆ ಒಂದು, 7,200. ಒಟ್ಟು 35,080. ಉಳಿದದ್ದು 6,84,920, ಕ್ವಿಂಟಲ್‌ಗೆ 6,849.20.

ಅಡ್ವಾನ್ಸ್ ಪಡೆದವರಿಗೆ 4,200ರ ಮೇಲೆ ವರ್ಷಕ್ಕೆ ನೂರಕ್ಕೆ 11ರಂತೆ 21 ದಿನದ ಬಡ್ಡಿ 26.58 ಮುರಿದು 6,822.62. ಆರು ಕ್ವಿಂಟಲ್ ಕೊಟ್ಟ ಮನೆಗೆ 40,935.72; ಮೊದಲೇ ಹೋದದ್ದು 25,200; ಈಗ ಕೊಡಬೇಕಾದ್ದು 15,735.72.

ಅದೇ ಮನೆ ಊರಲ್ಲೇ 6,700ಕ್ಕೆ, ಕ್ವಿಂಟಲ್‌ಗೆ ಎರಡು ಕೆಜಿ ತೂಟ ಕೊಟ್ಟು ಮಾರಿದ್ದರೆ 39,396 ಸಿಗುತ್ತಿತ್ತು. ಫರಕು ಸುಮಾರು 1,540 ರೂಪಾಯಿ. ಇಷ್ಟಕ್ಕೇ ಇಷ್ಟೆಲ್ಲ ಪರದಾಟವೇ ಎಂದು ಸದಸ್ಯರು ಕೇಳಿದರೆ ತಪ್ಪಿಲ್ಲ. ಹಂತ 1ರ ಪುಟ ತೆಗೆಯಿರಿ: ಆ ಮನೆ ಕಟ್ಟಿದ ಬಡ್ಡಿ 3,600. ದರದಲ್ಲಿ ಸೋರುವುದಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಬಡ್ಡಿಯಲ್ಲಿ ಸೋರುತ್ತಿದೆ. ಬರೀ ದರ ಹೆಚ್ಚು ಕೊಡಿಸುತ್ತೇವೆ ಎಂದು ಸದಸ್ಯರನ್ನು ಕರೆದ ಸಂಘ, ದರ ಬಿದ್ದ ವರ್ಷ ಉತ್ತರವಿಲ್ಲದೆ ನಿಲ್ಲುತ್ತದೆ.

ಅಪಾಯದ ಗುರುತುಗಳು

ಛಲೋ ಮಾಲು ಹೊರಗೆ, ಕಸದ ಮಾಲು ಸಂಘಕ್ಕೆ ಬರತೊಡಗಿದರೆ ದರ್ಜೆವಾರು ದರ ಕೊಡುತ್ತಿಲ್ಲ ಎಂದರ್ಥ. ಎಲ್ಲರಿಗೂ ಒಂದೇ ದರ ಎಂಬುದು ಕೇಳಲು ನ್ಯಾಯ, ಹಸನು ಮಾಡಿ ತಂದವರಿಗೆ ಅನ್ಯಾಯ.

ರಸೀದಿ ಪೆನ್ಸಿಲ್‌ನಲ್ಲಿ ಬರೆಯುವುದು. ಖಾಲಿ ಚೆಕ್ಕಿಗೆ ಅಧ್ಯಕ್ಷರು ಮೊದಲೇ ಸಹಿ ಮಾಡಿಕೊಟ್ಟಿರುವುದು. ಕಾರ್ಯದರ್ಶಿಯ ಮನೆಯಲ್ಲಿ ರೊಕ್ಕ ರಾತ್ರಿ ಉಳಿಯುವುದು. ದರ ಬರೆದ ಕಾಗದವಿಲ್ಲದೆ ಎರಡು ಲೋಡು ಒಬ್ಬನೇ ಗಿರಾಕಿಗೆ ಹೋಗುವುದು. ಇವುಗಳಲ್ಲಿ ಒಂದು ಕಂಡರೂ ಮುಂದಿನ ಲೋಡು ನಿಲ್ಲಿಸಿ ಸಭೆ ಕರೆಯಿರಿ.

ಸಭೆಗೆ ಬಂದವರ ಸಹಿ ನೋಡಿ. ಹಂತ 1ರಲ್ಲಿ ಬಿಳಿ ಚೀಟಿಯ ಗುರುತು ಬಿದ್ದ ಮನೆಗಳವರು ಎರಡು ಸಭೆ ಬಂದಿಲ್ಲವೆಂದರೆ ಅವರು ಆಗಲೇ ಹೊರಗೆ ಹೋಗಿದ್ದಾರೆ. ಕರೆಯಲು ನೋಟಿಸ್ ಸಾಲದು, ಮನೆಗೆ ಹೋಗಬೇಕು. ಕೂಲಿಗೆ ಹೋಗುವವರಿಗೆ ಹಗಲು ಸಭೆ ಎಂದರೆ ಒಂದು ದಿನದ ಪಗಾರ ಕಳೆದಂತೆ, ಸಭೆ ರಾತ್ರಿ ಊಟದ ಮೇಲೆ ಇರಲಿ.

ಲೆಕ್ಕಪರಿಶೋಧನೆ, ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಒಳಗೆ ಮುಗಿಯಬೇಕು. ಸಹಕಾರ ಸಂಘಕ್ಕೆ ಸದಸ್ಯರ ಉತ್ಪನ್ನ ಮಾರಿದ ಲಾಭದ ಮೇಲೆ ಆದಾಯ ತೆರಿಗೆ ವಿನಾಯಿತಿ ಇದೆ, ಆದರೆ ರಿಟರ್ನ್ ಸಮಯಕ್ಕೆ ಸಲ್ಲಿಸದಿದ್ದರೆ ಅದು ಕೈತಪ್ಪುತ್ತದೆ.

ಹಂತ 11: ಮತ್ತೆ ಮೇ ತಿಂಗಳು

ಹೆಚ್ಚಿನ ಸಂಘಗಳು ಪಟ್ಟಿ ಕೊಟ್ಟು ಡಿಸೆಂಬರ್‌ವರೆಗೆ ಮಲಗುತ್ತವೆ. ಅಷ್ಟರೊಳಗೆ ಜೂನ್ ಬಂದು ಹೋಗಿರುತ್ತದೆ, ಸದಸ್ಯ ಮತ್ತೆ ಅದೇ ಅಂಗಡಿಯ ಕಟ್ಟೆ ಹತ್ತಿರುತ್ತಾನೆ.

ಏಪ್ರಿಲ್ ಕೊನೆಯ ವಾರ ನೋಟ್‌ಬುಕ್ ತೆರೆದು ಅಡತಿ ಸಾಲ ಇರುವ ಮನೆಗಳ ಪಟ್ಟಿ ಮಾಡಿ. ಉತಾರ ಇದ್ದವರನ್ನು ಪಿಕೆಪಿಎಸ್‌ಗೆ ಕರೆದೊಯ್ಯಿರಿ. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ 5 ಲಕ್ಷದವರೆಗೆ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ, ಹೇಳಿದ ದಿನಕ್ಕೆ ತೀರಿಸಿದರೆ. ಹಳೆ ಬಾಕಿ ಇದ್ದರೆ ಹೊಸದು ಸಿಗುವುದಿಲ್ಲ. ಅಂಥವರ ಸುಗ್ಗಿಯ ಪಟ್ಟಿಯ ಹಣದಿಂದ ಬಾಕಿ ತೀರಿಸುವ ಒಪ್ಪಿಗೆಯನ್ನು ಡಿಸೆಂಬರ್‌ನಲ್ಲೇ ಬರೆಸಿಕೊಂಡಿರಬೇಕು. ಉತಾರ ತಂದೆಯ, ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ವಾರಸಾ (ವಾರಸುದಾರರ ಹೆಸರಿಗೆ ವರ್ಗ) ಮಾಡಿಸಲು ಆ ಬೇಸಿಗೆಯೇ ಅರ್ಜಿ ಹಾಕಿಸಿ, ತಲಾಠಿ (ಗ್ರಾಮ ಲೆಕ್ಕಿಗ) ಕಚೇರಿಗೆ ಸಂಘದ ಒಬ್ಬರು ಜೊತೆಗೆ ಹೋಗಲಿ.

ಲಾವಣಿದಾರರು, ಪಾಲಿಗೆ ಮಾಡುವವರು ನಾಲ್ಕರಿಂದ ಹತ್ತು ಮಂದಿಯ ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡು ಬ್ಯಾಂಕಿಗೆ ಹೋಗಬಹುದು, ಅಡವು ಬೇಕಿಲ್ಲ. ಗುಂಪಿನಲ್ಲಿ ಒಂದೇ ಮನೆಯ ಇಬ್ಬರು ಬೇಡ. ಬ್ಯಾಂಕಿನವರು ಕೇಳುವುದು ಹಿಂದಿನ ವ್ಯವಹಾರದ ದಾಖಲೆ. ಸಂಘದ ರಸೀದಿ, ಪಟ್ಟಿ, ಖಾತೆಗೆ ಬಿದ್ದ ಹಣದ ಪಾಸ್‌ಬುಕ್ ಪುಟ, ಈ ಮೂರನ್ನೂ ಒಂದೇ ಫೈಲಿನಲ್ಲಿ ಕಟ್ಟಿ ಅವರ ಕೈಗೆ ಕೊಟ್ಟು ಕಳಿಸಿ. ಮೊದಲ ಮಳೆ ಬೀಳುವ ಮುಂಚೆ, ಬೀಜದ ಅಂಗಡಿಯ ಮುಂದೆ ಪಾಳಿ ಶುರುವಾಗುವ ಮುಂಚೆ.